ಜೀಪಿಲ್ಲದ ಸಫಾರಿ: ಜಗಳೂರಿನ ಕೊಂಡುಕುರಿ, ಜೋಗಿಮಟ್ಟಿಯ ಗಾಳಿ

ಹೊರಡುವ ಮೊದಲು

ಕ್ರಿಸ್‌ಮಸ್ ರಜೆಗೆ ನಾಗರಹೊಳೆ ಎಂದು ಗಣೇಶನ ಹಬ್ಬದ ಹೊತ್ತಿಗೇ ನಮ್ಮ ಮನೆಯಲ್ಲಿ ತೀರ್ಮಾನವಾಗಿತ್ತು. ಪಿಯುಸಿ ಓದುವ ಅಕ್ಕನ ಮಗನಿಗೆ ಹುಲಿ ನೋಡಬೇಕು. ಮಂಡಿಪೇಟೆಯಲ್ಲಿ ಅಂಗಡಿ ಇಟ್ಟಿರುವ ಗೆಳೆಯನಿಗೆ ಹೊಸ ಲೆನ್ಸಿನ ದುಡ್ಡು ವಸೂಲಾಗಬೇಕು. ನನ್ನ ಸೋದರಮಾವ ಹೈಸ್ಕೂಲು ಮೇಷ್ಟ್ರಾಗಿ ನಿವೃತ್ತರಾದವರು, ಅವರಿಗೆ ಹುಲಿಯ ಹುಚ್ಚೇನಿಲ್ಲ, ಆದರೆ ಯಾರಾದರೂ ಕಾರು ಸ್ಟಾರ್ಟ್ ಮಾಡಿದರೆ ಹತ್ತಿ ಕೂರುವ ಪೈಕಿ.

2025ರ ನವೆಂಬರ್‌ನಲ್ಲಿ ಎಲ್ಲ ತಲೆಕೆಳಗಾಯಿತು. ಸರಗೂರು ಕಡೆ ಹುಲಿ ದಾಳಿಗೆ ರೈತರು ಬಲಿಯಾದ ಮೇಲೆ ಸರ್ಕಾರ ಬಂಡೀಪುರ, ನಾಗರಹೊಳೆ ಎರಡೂ ಕಡೆ ಸಫಾರಿ ಬಂದ್ ಮಾಡಿ, ಸಿಬ್ಬಂದಿಯನ್ನು ಹುಲಿ ಹುಡುಕುವ ಕೆಲಸಕ್ಕೆ ಹಚ್ಚಿತು. ಊರವರು ಹೊಲಕ್ಕೆ ಹೋಗಲು ಹೆದರುತ್ತಿರುವಾಗ ನಾವು ದುಡ್ಡು ಕೊಟ್ಟು ಅದೇ ಹುಲಿ ನೋಡಲು ಹೋಗುವುದು ಹೇಗೂ ಮುಜುಗರದ ಮಾತು. ನನಗೆ ಬೇಸರವಾಗಲಿಲ್ಲ. ರೂಮು ಬುಕ್ ಮಾಡಿದ್ದ ಕಡೆಯವರು ಮುಂಗಡ ವಾಪಸ್ ಕೊಡಲು ಎಳೆದಾಡಿದ್ದಕ್ಕೆ ಮಾತ್ರ ಸಿಟ್ಟು ಬಂತು.

ರಜೆ ಇದೆ, ಗಾಡಿ ಇದೆ, ಹೋಗುವ ಜಾಗ ಇಲ್ಲ. ಆಗಲೇ ನಾನು ಜಗಳೂರಿನ ಮಾತು ಎತ್ತಿದ್ದು. ನಮ್ಮ ದಾವಣಗೆರೆ ಜಿಲ್ಲೆಯಲ್ಲೇ ಒಂದು ವನ್ಯಧಾಮ ಇದೆ, ರಂಗಯ್ಯನದುರ್ಗ. 2011ರಲ್ಲಿ ಘೋಷಣೆಯಾದದ್ದು, 77 ಚದರ ಕಿಲೋಮೀಟರಿಗಿಂತ ಚೂರು ಹೆಚ್ಚು ವಿಸ್ತೀರ್ಣ. ಅದನ್ನು ಮಾಡಿದ್ದೇ ಕೊಂಡುಕುರಿಗಾಗಿ. ಗಂಡಿನ ತಲೆ ಮೇಲೆ ನಾಲ್ಕು ಕೊಂಬು ಮೂಡುವ ಕಾಡುಪ್ರಾಣಿ ಲೋಕದಲ್ಲಿ ಇದೊಂದೇ. ಇರುವುದು ಭಾರತ ಮತ್ತು ನೇಪಾಳದಲ್ಲಿ ಮಾತ್ರ. ಕೀನ್ಯಾಕ್ಕೆ ಹೋದರೂ ಸಿಗದ ಪ್ರಾಣಿ ನಮ್ಮ ಮನೆಯಿಂದ ಒಂದೂವರೆ ಗಂಟೆ ದಾರಿಯಲ್ಲಿದೆ.

"ಜಗಳೂರಿಗೆ ಸಫಾರಿಗೆ ಹೋಗೋದಾ?" ಮಾವ ಕನ್ನಡಕ ತೆಗೆದರು. "ಅಲ್ಲಿ ನಾನು ಪಾಠ ಮಾಡೀನಪ್ಪ. ಬೇಸಿಗೇಲಿ ಕುಡಿಯೋ ನೀರಿಗೆ ಟ್ಯಾಂಕರ್ ಕಾಯ್ತಿದ್ವಿ. ಮನುಷ್ಯರಿಗೇ ನೀರಿಲ್ಲ, ಪ್ರಾಣಿ ಏನು ಕುಡಿತಾವೆ?"

ಮಾವ ತಮಾಷೆಗೆ ಕೇಳಿದ್ದೇ ಆಮೇಲೆ ನಮ್ಮ ಯೋಜನೆಗೆಲ್ಲ ತಳಪಾಯವಾಯಿತು. ಕೊಂಡುಕುರಿ ನೀರು ಬಿಟ್ಟು ದೂರ ಹೋಗದ ಪ್ರಾಣಿ, ಆಗಾಗ ನೀರು ಕುಡಿಯಲೇಬೇಕು. ಒಣನಾಡಿನಲ್ಲಿ ನೀರು ಎಲ್ಲಿದೆ ಎಂದು ಗೊತ್ತಾದರೆ ಅದು ಎಲ್ಲಿರುತ್ತದೆ ಎಂಬ ಅಂದಾಜೂ ಸಿಕ್ಕಂತೆ. ಹಾಗಾಗಿ ನಾವು ಮೊದಲು ಹುಡುಕಿದ್ದು ಪ್ರಾಣಿಯನ್ನಲ್ಲ, ಗೋಕಟ್ಟೆಗಳನ್ನು. ಉಪಗ್ರಹ ನಕ್ಷೆಯಲ್ಲಿ ಕಾಡಿನೊಳಗೆ ಎಲ್ಲೆಲ್ಲಿ ನೀಲಿ ಚುಕ್ಕೆ, ಎಲ್ಲೆಲ್ಲಿ ಹಳ್ಳದ ಗೆರೆ ಎಂದು ಹುಡುಗ ಗುರುತು ಹಾಕಿಕೊಂಡ.

ಎರಡನೆಯದು ಅನುಮತಿ. ಇದನ್ನು ಹಗುರವಾಗಿ ತೆಗೆದುಕೊಳ್ಳುವವರು ಬಹಳ. 1972ರ ವನ್ಯಜೀವಿ ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ ಅಭಯಾರಣ್ಯದೊಳಗೆ ಸುಮ್ಮನೆ ನುಗ್ಗುವಂತಿಲ್ಲ. ಅಲ್ಲೇ ಜಮೀನಿನ ಹಕ್ಕಿರುವವರು, ಸಾರ್ವಜನಿಕ ರಸ್ತೆಯಲ್ಲಿ ಹಾದುಹೋಗುವವರು, ಕರ್ತವ್ಯದ ಮೇಲಿರುವವರು ಹೀಗೆ ಕೆಲವರಿಗಷ್ಟೇ ವಿನಾಯಿತಿ. ಫೋಟೊ, ಅಧ್ಯಯನ, ಪ್ರವಾಸ ಎಂದು ಹೋಗುವವರಿಗೆ 28ನೇ ಸೆಕ್ಷನ್ ಅಡಿ ಪರವಾನಗಿ ಬೇಕು. ಬಂಡೀಪುರದಂಥ ಕಡೆ ಟಿಕೆಟ್ ಕೊಂಡರೆ ಆ ಪರವಾನಗಿಯೂ ಅದರೊಳಗೇ ಬಂದುಬಿಡುತ್ತದೆ, ನಮಗೆ ತಿಳಿಯುವುದಿಲ್ಲ. ಇಲ್ಲಿ ಟಿಕೆಟ್ಟೂ ಇಲ್ಲ, ಜೀಪೂ ಇಲ್ಲ. ಅರ್ಜಿ ಬರೆದು, ನಾಲ್ವರ ಆಧಾರ್ ಪ್ರತಿ, ಗಾಡಿ ನಂಬರು, ಯಾವ ದಿನ, ಎಷ್ಟು ಹೊತ್ತು, ಯಾತಕ್ಕೆ ಎಂದೆಲ್ಲ ಹಚ್ಚಿ ಇಲಾಖೆಗೆ ಕೊಟ್ಟೆವು. "ಯಾತಕ್ಕೆ" ಎಂಬಲ್ಲಿ ಮಾವ ತಮ್ಮ ದುಂಡು ಅಕ್ಷರದಲ್ಲಿ "ನೋಡಿ ತಿಳಿಯುವ ಸಲುವಾಗಿ" ಎಂದು ಬರೆದರು. ಒಪ್ಪಿಗೆ ಷರತ್ತಿನೊಂದಿಗೆ ಬಂತು: ಇಲಾಖೆಯ ಕಾಡು ಕಾಯುವ ವಾಚರ್ ಜೊತೆಗಿರಬೇಕು, ಡ್ರೋನ್ ಕೂಡದು, ಕತ್ತಲಾಗುವ ಮೊದಲು ಹೊರಗೆ ಬರಬೇಕು, ಬೆಂಕಿಪೊಟ್ಟಣ ಒಳಗೆ ಒಯ್ಯುವಂತಿಲ್ಲ.

ಬೆಂಕಿಪೊಟ್ಟಣದ ಮಾತು ಸುಮ್ಮನೆ ಅಲ್ಲ. ಡಿಸೆಂಬರ್ ಕೊನೆಗೆ ಬಯಲುಸೀಮೆ ಕಾಡಿನ ಹುಲ್ಲೆಲ್ಲ ಒಣಗಿ ನಿಂತಿರುತ್ತದೆ. ಬೆಂಕಿ ಹಬ್ಬದಂತೆ ಹುಲ್ಲು ತೆಗೆದು ಖಾಲಿ ಪಟ್ಟಿ ಬಿಡುವ, ಅಂದರೆ ಬೆಂಕಿ ರೇಖೆ ಸವರುವ ಕೆಲಸ ಆಗಲೇ ಶುರುವಾಗಿರುತ್ತದೆ. ಫೆಬ್ರವರಿ ದಾಟಿದರೆ ಕಾಡು ನೋಡಲು ಇನ್ನೂ ಸಲೀಸು, ಎಲೆ ಉದುರಿ ಎಲ್ಲ ಕಾಣುತ್ತದೆ. ಆದರೆ ಆಗ ಸಿಬ್ಬಂದಿಗೆ ಬೆಂಕಿ ಕಾಯುವುದೇ ಕೆಲಸ, ನಮ್ಮಂಥವರು ಹೋಗಿ ಕಾಟ ಕೊಡಬಾರದು. ಮಳೆಗಾಲದಲ್ಲಿ ಎಲ್ಲ ಕಡೆ ನೀರು, ಎಲ್ಲ ಕಡೆ ಹಸಿರು, ಏನೂ ಕಾಣದು. ಡಿಸೆಂಬರ್–ಜನವರಿಯೇ ವಾಸಿ.

ಶುಕ್ರವಾರ

ಬೆಳಿಗ್ಗೆ ಏಳಕ್ಕೆ ಎಂದಿದ್ದವರು ದಾವಣಗೆರೆ ಬಿಟ್ಟಾಗ ಹನ್ನೊಂದು. ಗೆಳೆಯನ ಬೊಲೆರೊ. ಮಾವ ಮುಂದೆ, ಮಡಿಲಲ್ಲಿ ಮಂಡಕ್ಕಿ ಚೀಲ.

ಭದ್ರಾ ನಾಲೆಯ ಹಸಿರು ಹಿಂದೆ ಬಿದ್ದು, ಅಣಜಿ, ಬಿಳಿಚೋಡು ದಾಟುವಷ್ಟರಲ್ಲಿ ನೆಲದ ಬಣ್ಣವೇ ಬೇರೆ. ರಸ್ತೆಯ ಅರ್ಧಕ್ಕೆ ಮೆಕ್ಕೆಜೋಳ ಒಣಹಾಕಿದ್ದರು. ಗೆಳೆಯ ಗೊಣಗುತ್ತಲೇ ಒಂದು ಪಕ್ಕಕ್ಕೆ ಗಾಡಿ ಓಡಿಸಿದ. ಆದರೆ ಮಾವ ಹೇಳಿದ್ದ ಬರದ ಜಗಳೂರು ನಮಗೆ ಕಾಣಲಿಲ್ಲ. ಕೆರೆಗಳಲ್ಲಿ ನೀರಿತ್ತು, ಬದುಗಳ ಮೇಲೆ ಎಳೆ ಅಡಿಕೆ ಗಿಡ ನಿಂತಿದ್ದವು. ತುಂಗಭದ್ರೆಯಿಂದ ನೀರೆತ್ತಿ 57 ಕೆರೆ ತುಂಬಿಸುವ ಯೋಜನೆಯ ಫಲ. ಮಾವ ಕಿಟಕಿ ಇಳಿಸಿ ಕೆರೆಯೊಂದನ್ನು ನೋಡುತ್ತ, "ಇಲ್ಲಿ ನಮ್ಮ ಹುಡುಗರು ಕ್ರಿಕೆಟ್ ಆಡ್ತಿದ್ರು ಕಣೋ" ಎಂದರು.

ಊಟ, ವಾಸ್ತವ್ಯ ಮಾವನ ಹಳೇ ಶಿಷ್ಯರೊಬ್ಬರ ಮನೆಯಲ್ಲಿ. ಅವರೀಗ ಮೊಮ್ಮಕ್ಕಳಿರುವ ರೈತ, ಆದರೂ ಮೇಷ್ಟ್ರು ನಿಂತಿರುವಾಗ ಕೂರಲು ಒಲ್ಲರು. ಜೋಳದ ರೊಟ್ಟಿ, ಹುರುಳಿ ಸಾರು, ಶೇಂಗಾ ಚಟ್ನಿ. ಉಂಡು ಮಲಗಿದ್ದರೆ ಅಂದಿನ ಕತೆ ಅಲ್ಲಿಗೇ ಮುಗಿಯುತ್ತಿತ್ತು. ಮೂರೂವರೆಗೆ ವಾಚರಣ್ಣ ಬೈಕಿನಲ್ಲಿ ಬಂದು ಹಾರನ್ ಹೊಡೆದರು.

ವಾಚರಣ್ಣ ಐವತ್ತು ದಾಟಿದವರು. ಖಾಕಿ ಅಂಗಿ, ತಲೆಗೆ ಟವೆಲು, ಕೈಯಲ್ಲಿ ತಮ್ಮ ಭುಜದೆತ್ತರದ ಕೋಲು. ನಮ್ಮನ್ನು ಮೇಲಿಂದ ಕೆಳಗೆ ನೋಡಿ ಮೊದಲ ಮಾತು ಹುಡುಗನಿಗೆ: "ಆ ಕೆಂಪು ಟೀ ಶರ್ಟ್ ಬಿಚ್ಚಪ್ಪ. ಸೆಂಟ್ ಹಾಕ್ಕೊಂಡೀಯೇನು? ನಾಳೆ ಹಾಕಬ್ಯಾಡ."

ಕಾಡಿನ ಅಂಚಿನಲ್ಲೇ ಗಾಡಿ ನಿಲ್ಲಿಸಿ ನಡೆದೆವು. ಬಂಡೀಪುರದ ಕಾಡು ತಲೆಯಲ್ಲಿಟ್ಟುಕೊಂಡು ಬಂದವರಿಗೆ ಇದು ಕಾಡು ಅನ್ನಿಸುವುದೇ ಇಲ್ಲ. ಕಲ್ಲುಗುಡ್ಡ, ನಡುನಡುವೆ ಕಮರ, ತುಗ್ಗಲಿ ಮರ, ಕೆಳಗೆ ಕಾರೆ, ಕವಳೆ, ಬಂದರಿಕೆ, ತಂಗಡಿ ಪೊದೆ, ಮಿಕ್ಕಿದ್ದೆಲ್ಲ ಸೊಂಟದೆತ್ತರದ ಹುಲ್ಲು. "ಇಷ್ಟೇನಾ?" ಎಂದ ಹುಡುಗ. ಇಷ್ಟೇ. ಕೊಂಡುಕುರಿಗೆ ಬೇಕಿರುವುದೂ ಇಷ್ಟೇ: ಅಡಗಲು ಎತ್ತರದ ಹುಲ್ಲು, ತಿನ್ನಲು ಚಿಗುರು ಮತ್ತು ಹಣ್ಣು, ಹತ್ತಿರದಲ್ಲಿ ನೀರು. ಇಂಥ ಕುರುಚಲನ್ನು ಜನ ಪಾಳುಭೂಮಿ ಎಂದು ಬಗೆದು ಗಿಡ ನೆಡಲು, ಕರೆಂಟಿನ ಗಾಳಿ ಫ್ಯಾನು ನಿಲ್ಲಿಸಲು ಹೊರಡುತ್ತಾರೆ. ನನಗೆ ಆ ವಿಷಯದಲ್ಲಿ ಸ್ವಲ್ಪ ಕೋಪವಿದೆ, ಅದನ್ನು ಚಿತ್ರದುರ್ಗದ ಪಕ್ಕದ ಜೋಗಿಮಟ್ಟಿ ಗುಡ್ಡಕ್ಕೆ ಬಂದಾಗ ಹೇಳುತ್ತೇನೆ.

ವಾಚರಣ್ಣ ಒಂದು ಕವಳೆ ಪೊದೆಯ ಮಗ್ಗುಲಲ್ಲಿ ಕೂತು ಕೋಲಿನ ತುದಿಯಿಂದ ನೆಲ ತೋರಿಸಿದರು. ಹಿಕ್ಕೆಯ ರಾಶಿ. ಹುಣಸೆ ಬೀಜಕ್ಕಿಂತ ಚಿಕ್ಕವು, ಒಂದು ತುದಿ ಚೂಪು. ಅಡಿಯಲ್ಲಿದ್ದವು ಬಿಸಿಲಿಗೆ ಬೂದಿ ಬಣ್ಣಕ್ಕೆ ತಿರುಗಿ, ಮುಟ್ಟಿದರೆ ಪುಡಿಯಾಗುತ್ತಿದ್ದವು. ಅದರ ಮೇಲೆ ಕಂದು. ಎಲ್ಲಕ್ಕಿಂತ ಮೇಲೆ ಬೆರಳೆಣಿಕೆಯಷ್ಟು ಕಪ್ಪಗೆ ಹೊಳೆಯುವವು.

"ಇವತ್ತು ಬೆಳಿಗ್ಗೇವು" ಎಂದರು. ಕೊಂಡುಕುರಿ ಕಂಡಕಂಡಲ್ಲಿ ಹಿಕ್ಕೆ ಹಾಕುವುದಿಲ್ಲ. ತನ್ನ ಎಲ್ಲೆಯೊಳಗೆ ಕೆಲವು ಜಾಗ ಗೊತ್ತು ಮಾಡಿಕೊಂಡು ಮತ್ತೆ ಮತ್ತೆ ಅಲ್ಲಿಗೇ ಬರುತ್ತದೆ. ಹಳತು, ನಡುವಿನದು, ಹೊಸತು ಒಂದರ ಮೇಲೊಂದು ಇದ್ದರೆ ಪ್ರಾಣಿ ಈ ಜಾಗ ಬಿಟ್ಟಿಲ್ಲ ಎಂದರ್ಥ. ಬರೀ ಬೂದಿ ಬಣ್ಣದ್ದಿದ್ದರೆ ಜಾಗ ಖಾಲಿ. ಆಚೆ ಒಂದು ಕಾರೆ ಕಡ್ಡಿಯ ತುದಿಯಲ್ಲಿ ಬೆಳ್ಳಗೆ ಪೊರೆ ಹಿಡಿದಂತೆ ಏನೋ ಅಂಟಿತ್ತು. ಕಣ್ಣಿನ ಮುಂದಿನ ಗ್ರಂಥಿಯನ್ನು ಕಡ್ಡಿಗೆ ಉಜ್ಜಿ ಗುರುತು ಬಿಟ್ಟದ್ದು; ಹಸಿಯಿದ್ದಾಗ ಬಣ್ಣವಿರುವುದಿಲ್ಲ, ಒಣಗಿದರೆ ಬಿಳಿ. ಹುಡುಗ ಅದರ ಫೋಟೊ ತೆಗೆದುಕೊಂಡ. ಅಂದಿನ ಮಟ್ಟಿಗೆ ಅದೊಂದೇ ಅವನು ಖುಷಿಯಿಂದ ತೆಗೆದ ಫೋಟೊ.

ಗೋಕಟ್ಟೆಯ ನೀರು ತಳಕ್ಕೆ ಇಳಿದಿತ್ತು, ಸುತ್ತ ಬಿರಿದ ಕೆಸರು. ಗೊರಸಿನ ಗುರುತುಗಳಲ್ಲಿ ಆಡು ಯಾವುದು, ಹಂದಿ ಯಾವುದು, ಕೊಂಡುಕುರಿ ಯಾವುದು ಎಂದು ವಾಚರಣ್ಣ ಹೇಳುತ್ತಾ ಹೋದರು. ನನಗೆ ಎಲ್ಲವೂ ಒಂದೇ ಥರ ಕಂಡಿತು. ನಾಯಿ ಹೆಜ್ಜೆ ಮಾತ್ರ ಸರಿಯಾಗಿ ಗೊತ್ತಾಯಿತು. ಅವರಿಗೆ ಬೇಡವಾಗಿದ್ದೂ ಅದೇ. "ಊರ ಕೆರೆ ತುಂಬಿದ್ದು ಒಳ್ಳೇದೇ ಸಾರ್. ಆದ್ರೆ ಒಳಗಡೆ ಕಟ್ಟೆ ಬತ್ತಿದ್ರೆ ಇವು ನೀರಿಗೆ ಅಂಚಿಗೆ ಬರ್ತಾವೆ. ಅಂಚಲ್ಲಿ ನಾಯಿ ಕಾಯ್ತಿರ್ತಾವೆ." ಚಿರತೆಗಿಂತ ನಾಯಿಯದೇ ಭಯ ಜಾಸ್ತಿ ಎಂದು ಅವರ ಲೆಕ್ಕ.

ರಾತ್ರಿ ಪಡಸಾಲೆಯಲ್ಲಿ ಮಾತು ಕರಡಿಗೆ ತಿರುಗಿತು. ಗುಡಿಯ ದೀಪದೆಣ್ಣೆ ಕುಡಿಯಲು ಬರುವ ಕರಡಿಯ ಕತೆ ಈ ಸೀಮೆಯಲ್ಲಿ ಊರಿಗೊಂದು. ಮನೆಯವರು ತಮ್ಮೂರಿನದನ್ನು ಹೇಳಿದರು, ಪಕ್ಕದ ಮನೆಯವರು ಬಂದು ಅದಕ್ಕಿಂತ ದೊಡ್ಡ ಕರಡಿಯದು ಹೇಳಿದರು. ಮಾವನಿಗೆ ನಿದ್ದೆ ಹಾರಿತು. "ನಾಳೆ ನಾನು ಗಾಡೀಲೇ ಇರ್ತೀನಪ್ಪ."

ಶನಿವಾರ

ಐದಕ್ಕೆ ಎದ್ದು, ಚಹಾ ಕುಡಿದು, ಇನ್ನೂ ಕತ್ತಲಿರುವಾಗಲೇ ಕಾಡಿನ ಅಂಚು. ಚಳಿ ಹಲ್ಲು ಕಡಿಸುವಷ್ಟಿತ್ತು. ಮಾವ ಗಾಡಿಯಲ್ಲಿ ಉಳಿಯಲಿಲ್ಲ. ಒಬ್ಬರೇ ಗಾಡಿಯಲ್ಲಿರುವುದಕ್ಕಿಂತ ಐದು ಜನರ ನಡುವೆ ನಡೆಯುವುದು ಕ್ಷೇಮ ಎಂದು ರಾತ್ರಿಯೆಲ್ಲ ಯೋಚಿಸಿ ತೀರ್ಮಾನಿಸಿದ್ದರಂತೆ.

ಇಲ್ಲೊಂದು ಪೇಚಿದೆ, ಯಾವ ಪ್ರವಾಸದ ಕರಪತ್ರದಲ್ಲೂ ಬರೆದಿರುವುದಿಲ್ಲ. ಕೊಂಡುಕುರಿ ನೋಡಬೇಕೆಂದರೆ ಉಸಿರು ಬಿಗಿಹಿಡಿದು ನಡೆಯಬೇಕು, ಒಣಕಡ್ಡಿ ಮುರಿದರೂ ಅದು ಹೋಯಿತು. ಕರಡಿ ಇರುವ ಕಾಡಿನಲ್ಲಿ ಹಾಗೆ ಸದ್ದಿಲ್ಲದೆ ನಡೆಯುವುದೇ ಅಪಾಯ. ಕರಡಿಗೆ ಕಣ್ಣು ಮಂದ, ತಿನ್ನುವುದರಲ್ಲಿ ಮೈಮರೆತಿರುತ್ತದೆ, ಬಂಡೆ ಮರೆಯಲ್ಲಿ ಇದ್ದಕ್ಕಿದ್ದಂತೆ ಎದುರಾದರೆ ಗಾಬರಿಯಲ್ಲಿ ಮೇಲೆ ಬೀಳುತ್ತದೆ. ಒಂದಕ್ಕೆ ಮೌನ ಬೇಕು, ಇನ್ನೊಂದಕ್ಕೆ ಸದ್ದು. ವಾಚರಣ್ಣನ ಬಳಿ ಇದಕ್ಕೆ ಪರಿಹಾರವಿತ್ತು. ಬಂಡೆಗಳ ಸಂದು, ಗವಿಯಂಥ ಜಾಗ ಬಂದಾಗ ಕೋಲಿನಿಂದ ಕಲ್ಲಿಗೆ ಟಕ್ ಟಕ್ ಎಂದು ಬಡಿದು, ಒಂದು ಸಲ ಕೆಮ್ಮಿ, ನಿಂತು, ಆಮೇಲೆ ಮುಂದಕ್ಕೆ. ಬಂಡೆ ಮುಗಿದು ಹುಲ್ಲು ಶುರುವಾದ ಕೂಡಲೇ ಕೋಲು ಹೆಗಲಿಗೆ, ಬೆರಳು ತುಟಿಗೆ. ದಾರಿಯಲ್ಲೇ ಒಂದು ಕಡೆ ಕರಡಿ ಲದ್ದಿ ಬಿದ್ದಿತ್ತು. ಕಡ್ಡಿಯಿಂದ ಕೆದಕಿದರೆ ಬಾರಿಹಣ್ಣಿನ ಬೀಜವೇ ಬೀಜ, ನಡುವೆ ಒಂದಿಷ್ಟು ಗೆದ್ದಲಿನ ಚೂರು. ಹತ್ತಿರದ ಹುತ್ತಕ್ಕೆ ಎರಡು ಕಡೆ ತೂತು ಬಿದ್ದಿತ್ತು. ಅಲ್ಲಿಂದ ಮುಂದೆ ಮಾವನೂ ಕಲ್ಲು ಕಂಡಲ್ಲೆಲ್ಲ ಕೆಮ್ಮತೊಡಗಿದರು, ಬಂಡೆ ಎಂದರೆ ಅವರ ಲೆಕ್ಕದಲ್ಲಿ ಮೊಣಕಾಲೆತ್ತರದ್ದೂ ಸೇರುತ್ತಿತ್ತು.

ಗೋಕಟ್ಟೆಗೆ ಎದುರಾಗಿ, ಗಾಳಿ ನಮ್ಮ ಮುಖಕ್ಕೆ ಬೀಸುವ ಕಡೆ, ಬಂದರಿಕೆ ಪೊದೆಯ ಹಿಂದೆ ಕೂತೆವು. ಜೀಪಿನ ಸಫಾರಿಗೂ ಇದಕ್ಕೂ ವ್ಯತ್ಯಾಸ ಗೊತ್ತಾಗುವುದು ಇಲ್ಲಿ. ಜೀಪಿನಲ್ಲಿ ಕೂತರೆ ಡ್ರೈವರು ವೈರ್‌ಲೆಸ್ಸು, ಮೊಬೈಲು ಹಿಡಿದು ಎಲ್ಲಿ ಏನು ಕಂಡಿತು ಎಂದು ಓಡಿಸುತ್ತಿರುತ್ತಾನೆ. ಏನೂ ಕಾಣದಿದ್ದರೆ ಅವನ ಮೇಲೆ ತಪ್ಪು ಹೊರಿಸಿ ಇಳಿದುಬರಬಹುದು. ಇಲ್ಲಿ ಕೂರುವುದೇ ಕೆಲಸ. ಕಾಲು ಜೋಮು ಹಿಡಿಯುತ್ತದೆ. ಉತ್ತರಾಣಿ ಕಾಳು ಪ್ಯಾಂಟಿನ ತುಂಬ. ಸಾಕ್ಸ್ ಒಳಗೆ ಉಣ್ಣಿ ಹತ್ತಿದೆಯೋ ಎಂಬ ಅನುಮಾನ, ನೋಡಲು ಬಾಗುವಂತಿಲ್ಲ. ಗೌಜಲಕ್ಕಿಗಳು ಸಾಲಾಗಿ ಬಂದು ನೀರು ಕುಡಿದು ಹೋದವು. ಒಂದು ಮುಂಗುಸಿ. ದೂರದಲ್ಲಿ ನವಿಲಿನ ಕೂಗು. ಬಿಸಿಲು ಗುಡ್ಡದ ನೆತ್ತಿಯಿಂದ ಇಳಿಯುತ್ತ ಕಟ್ಟೆಯ ಏರಿಗೆ ಬಂತು. ಗೆಳೆಯ ಕ್ಯಾಮೆರಾ ಮಡಿಲಿಗಿಳಿಸಿ ತೂಕಡಿಸುತ್ತಿದ್ದ.

ಆಗ ವಾಚರಣ್ಣ ನನ್ನ ಮೊಣಕೈ ಒತ್ತಿದರು.

ಏರಿಯ ಆಚೆ ಹುಲ್ಲಿನಲ್ಲಿ ಕಂದು ಬಣ್ಣದ್ದೇನೋ ನಿಂತಿತ್ತು. ಯಾವಾಗ ಬಂತೋ, ಅಲ್ಲೇ ಇತ್ತೋ ತಿಳಿಯದು. ಭುಜದೆತ್ತರ ಎರಡು ಅಡಿ ಇದ್ದೀತು, ಅಷ್ಟೇ. ಉದ್ದನೆಯ ದುಂಡು ಕಿವಿ ನಮ್ಮ ಕಡೆಗೇ ತಿರುಗಿತ್ತು. ಒಂದು ಹೆಜ್ಜೆ ಇಟ್ಟಿತು, ಮುಂಗಾಲನ್ನು ಜರ್ಕು ಹೊಡೆದಂತೆ ಎತ್ತಿ. ಕಾಲಿನ ಮುಂಭಾಗದಲ್ಲಿ ಮೇಲಿಂದ ಕೆಳಗೆ ಕಪ್ಪು ಗೆರೆ ಕಂಡಿತು. ಇನ್ನೊಂದು ಹೆಜ್ಜೆ. ಗೆಳೆಯನಿಗೆ ಎಚ್ಚರವಾಗಿ ಕ್ಯಾಮೆರಾ ಎತ್ತುವಷ್ಟರಲ್ಲಿ ಒರಟಾಗಿ ಮೂಗಿನಿಂದ ಒಂದು ಸದ್ದು ಮಾಡಿ ಹುಲ್ಲಿನೊಳಕ್ಕೆ ಹಾರಿತು. ಹುಲ್ಲಿನ ತೆನೆ ಒಂದಷ್ಟು ದೂರ ಅಲುಗಿ ನಿಂತವು.

ಯಾರೂ ಮಾತಾಡಲಿಲ್ಲ. ಮೊದಲು ಬಾಯಿ ಬಿಟ್ಟವನು ಹುಡುಗ.

"ಮಾಮ, ಕೊಂಬೇ ಇರ್ಲಿಲ್ಲ."

ಇರಲಿಲ್ಲ. ಹೆಣ್ಣಿಗೆ ಕೊಂಬೇ ಇರುವುದಿಲ್ಲ. ನಾಲ್ಕು ಕೊಂಬಿನ ಪ್ರಾಣಿ ನೋಡಲು ಚಳಿಯಲ್ಲಿ ಎದ್ದು ಬಂದು ಒಂದೂ ಕೊಂಬಿಲ್ಲದ್ದನ್ನು ನೋಡಿದೆವು. ವಾಚರಣ್ಣ ಶಬ್ದ ಮಾಡದೆ ನಕ್ಕರು, ಹೊಟ್ಟೆ ಕುಣಿಯುವುದು ಮಾತ್ರ ಕಾಣುತ್ತಿತ್ತು. ಗಂಡಿನಲ್ಲೂ ನಾಲ್ಕು ಕೊಂಬು ದೂರದಿಂದ ಎಣಿಸಲಾಗುವುದಿಲ್ಲ, ಹಿಂದಿನ ಜೋಡಿ ಗೇಣುದ್ದ ಕೂಡ ಬೆಳೆಯದು, ಹಣೆಯ ಮೇಲಿನ ಮುಂದಿನ ಜೋಡಿ ಎಷ್ಟೋ ಸಲ ಬರೀ ಗುಬುಟು. ಅದೂ ಹುಟ್ಟಿ ವರ್ಷ ಕಳೆದ ಮೇಲೆ ಮೂಡುವಂಥದ್ದು ಎಂದು ಸಮಾಧಾನ ಹೇಳಿದೆ. ಹುಡುಗನಿಗೆ ಸಮಾಧಾನವಾಗಲಿಲ್ಲ. ಗೆಳೆಯನ ಕ್ಯಾಮೆರಾದಲ್ಲಿ ಸಿಕ್ಕಿದ್ದು ಹಳದಿ ಹುಲ್ಲು, ಅದರಲ್ಲೊಂದು ಕಂದು ಮಸುಕು. ಜಿಂಕೆ ಹಿಂಡಿನಂತೆ ಇನ್ನೊಂದು ಹಿಂದೆ ಬರುತ್ತದೆ ಎಂದು ಕಾಯುವ ಹಾಗೂ ಇಲ್ಲ. ಕೊಂಡುಕುರಿ ಒಂಟಿ, ಹೆಚ್ಚೆಂದರೆ ಜೋಡಿ. ಆದರೂ ಬಿಸಿಲು ಏರುವ ತನಕ ಕೂತೆವು. ಬರಲಿಲ್ಲ.

ನನ್ನ ಮಟ್ಟಿಗೆ ಆ ಕೆಲವು ಕ್ಷಣ ಸಾಕಿತ್ತು. ನಾಗರಹೊಳೆಯ ದಾರಿ ಬದಿಯಲ್ಲಿ ಚುಕ್ಕೆ ಜಿಂಕೆಗಳನ್ನು ರಾಶಿ ರಾಶಿ ನೋಡಿದ್ದೇನೆ, ಒಂದರ ಮುಖವೂ ನೆನಪಿಲ್ಲ.

ಮಧ್ಯಾಹ್ನ ಊಟ ಮಾಡಿ ಚಿತ್ರದುರ್ಗದ ದಾರಿ ಹಿಡಿದೆವು. ಶಿಷ್ಯರು ಮೇಷ್ಟ್ರಿಗೆ ಒಂದು ಚೀಲ ಶೇಂಗಾ, ಒಂದು ಚೀಲ ಈರುಳ್ಳಿ ಹೇರಿದರು. ಜಗಳೂರು ಮೊದಲು ಚಿತ್ರದುರ್ಗ ಜಿಲ್ಲೆಯಲ್ಲೇ ಇತ್ತು, 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಈಚೆ ಬಂತು. ಮಾವನಿಗೆ ಈಗಲೂ ಜಿಲ್ಲಾ ಕೇಂದ್ರ ಎಂದರೆ ದುರ್ಗವೇ. ಸಂಜೆ ಕೋಟೆ ಹತ್ತೋಣ ಎಂದವರು ಲಾಡ್ಜಿನ ಹಾಸಿಗೆ ಕಂಡ ಕೂಡಲೇ ಮಲಗಿಬಿಟ್ಟರು.

ಭಾನುವಾರ

ಜೋಗಿಮಟ್ಟಿ ದುರ್ಗದವರಿಗೆ ಕಾಡಲ್ಲ, ಊರಿನ ಹಿತ್ತಿಲು. ಅದಕ್ಕೇ ಇಲ್ಲಿ ಯೋಜನೆಯ ಬೇರೆ ಕಷ್ಟ. ಸುಮಾರು 100 ಚದರ ಕಿಲೋಮೀಟರಿನ ವನ್ಯಧಾಮ, ಚಿರತೆ, ಕರಡಿ, ಕೊಂಡುಕುರಿ ಎಲ್ಲ ಇವೆ. ಆದರೆ ಭಾನುವಾರ ಗೇಟು ತೆಗೆದ ಮೇಲೆ ಇರುವುದು ಜನ. ಬುತ್ತಿ, ಸ್ಪೀಕರು, ಸೆಲ್ಫಿ. ಪ್ರಾಣಿ ನೋಡುವ ಆಸೆಯಿದ್ದರೆ ವಾರದ ದಿನ ಬರಬೇಕು. ನಮಗೆ ರಜೆ ಇದ್ದದ್ದು ಹೀಗೆ, ಹಾಗಾಗಿ ಪ್ರಾಣಿಯ ಆಸೆ ಬಿಟ್ಟು ಹಕ್ಕಿಯನ್ನು ಪಟ್ಟಿಗೆ ಹಾಕಿಕೊಂಡಿದ್ದೆ. ಹಳದಿ ಕೊರಳಿನ ಪಿಕಳಾರ: ದಕ್ಷಿಣ ಭಾರತದ ಕಲ್ಲುಗುಡ್ಡದ ಕುರುಚಲಲ್ಲಿ ಬಿಟ್ಟು ಬೇರೆಲ್ಲೂ ಇಲ್ಲದ ಹಕ್ಕಿ. ಊರೊಳಗಿನ ಕೆಮ್ಮೀಸೆ ಪಿಕಳಾರದ ಹಾಗೆ ಮುಂದೆ ಬಂದು ಕೂರುವ ಜಾತಿಯಲ್ಲ.

ಟಿಕೆಟ್ ಪಡೆದು ಮೊದಲಿಗರಾಗಿ ಒಳಗೆ ಹೋದೆವು. ಆಡುಮಲ್ಲೇಶ್ವರದ ಕಿರು ಮೃಗಾಲಯ ಇರುವುದು ಇದೇ ಗುಡ್ಡದ ಬುಡದಲ್ಲಿ; ಹುಡುಗ ಕತ್ತು ತಿರುಗಿಸಿ ನೋಡಿದ. "ಅಲ್ಲಾದ್ರೆ ಗ್ಯಾರಂಟಿ ಚಿರತೆ" ಎಂದ. ಯಾರೂ ಉತ್ತರ ಕೊಡಲಿಲ್ಲ.

ತಿರುವು ತಿರುವಿನ ಏರುದಾರಿ. ಸೀತಾಫಲದ ಗಿಡಗಳು, ಕೆಳಗೆ ದುರ್ಗದ ಬಂಡೆಗಳು, ಕೋಟೆಯ ಗೋಡೆ. ಮೇಲೆ ಹಳೇ ಬಂಗಲೆಯ ಬಳಿ ಇಳಿದಾಗ ಗಾಳಿ ಮಾವನ ಮಫ್ಲರನ್ನು ಕಿತ್ತುಕೊಂಡಿತು. ಗಾಳಿಯಲ್ಲಿ ಜೋಗಿಮಟ್ಟಿ ಏಷ್ಯಾಕ್ಕೇ ಎರಡನೆಯದು ಎಂದು ದುರ್ಗದವರು ಹೇಳುತ್ತಾರೆ. ಅಳೆದವರು ಯಾರು ಎಂದು ಮಾವ ಕೇಳಿದರು, ಮಫ್ಲರ್ ಹಿಂದೆ ಓಡುತ್ತ.

ಸುತ್ತಲಿನ ಗುಡ್ಡಗಳ ಬೆನ್ನ ಮೇಲೆ ಸಾಲು ಸಾಲು ಗಾಳಿ ಫ್ಯಾನು. ಅವುಗಳಿಂದ ಬರುವ ಕರೆಂಟು ನಮಗೂ ಬೇಕು, ಅದರ ಬಗ್ಗೆ ತಕರಾರಿಲ್ಲ. ಆದರೆ ಪ್ರತಿ ಫ್ಯಾನಿಗೂ ಗುಡ್ಡದ ನೆತ್ತಿಯವರೆಗೆ ಲಾರಿ ಹೋಗುವಷ್ಟು ಅಗಲದ ರಸ್ತೆ ಕಡಿಯಬೇಕು. ಆ ರಸ್ತೆಯಲ್ಲಿ ಆಮೇಲೆ ಯಾರು ಬೇಕಾದರೂ ಓಡಾಡಬಹುದು, ನಾಯಿಯೂ ಸೇರಿ. ಮಲೆನಾಡಿನ ಮರ ಕಡಿದರೆ ರಾಜ್ಯವೇ ಎದ್ದು ಕೂರುತ್ತದೆ. ಕುರುಚಲು ಕಡಿದರೆ ಅದು ಕಾಡೇ ಅಲ್ಲವಲ್ಲ ಎಂಬ ಭಾವನೆ. ನಿನ್ನೆ ನಮ್ಮೆದುರು ನಿಂತಿದ್ದ ಹೆಣ್ಣಿಗೆ ಮನೆ ಅದೇ.

ಪಿಕಳಾರ ಸಿಕ್ಕಿತು. ಇಳಿಯುವಾಗ ಬಂಡೆಯ ಬಿರುಕಿನಲ್ಲಿ ಬೆಳೆದ ಆಲದ ಜಾತಿಯ ಗಿಡವೊಂದರ ಹಣ್ಣಿಗೆ ಎರಡು ಬಂದಿದ್ದವು. ತಲೆ, ಕೊರಳು ಅಚ್ಚ ಹಳದಿ, ಮೈ ಬೂದು. ಈ ಸಲ ಗೆಳೆಯ ನಿದ್ದೆ ಮಾಡಿರಲಿಲ್ಲ. ಚಿತ್ರ ಸೂಜಿಯಷ್ಟು ಸ್ಪಷ್ಟ ಬಂತು, ಲೆನ್ಸಿನ ಕಂತಿನ ಮಾತು ಆಮೇಲೆ ಎರಡು ತಾಸು ಬಾಯಿಗೆ ಬರಲಿಲ್ಲ. ನಾವು ಹೊರಬೀಳುವಷ್ಟರಲ್ಲಿ ಗೇಟಿನಲ್ಲಿ ಬೈಕುಗಳ ಸಾಲು.

ಹಿರಿಯೂರಿನ ಮಾರಿಕಣಿವೆಯಲ್ಲಿ ಊಟಕ್ಕಷ್ಟೇ ನಿಂತೆವು. ವೇದಾವತಿಗೆ ಮೈಸೂರು ಅರಸರ ಕಾಲದಲ್ಲಿ ಕಟ್ಟಿ, 1907ರಲ್ಲಿ ಮುಗಿಸಿದ ಅಣೆಕಟ್ಟು, ವಾಣಿವಿಲಾಸ ಸಾಗರ. 1933ರಲ್ಲಿ ಕೋಡಿ ಬಿದ್ದದ್ದು ಮತ್ತೆ ಬೀಳಲು 2022ರವರೆಗೆ ಕಾಯಿತು. ಆ ವರ್ಷ ಇಡೀ ಜಿಲ್ಲೆ ಗಾಡಿ ಕಟ್ಟಿಕೊಂಡು ನೋಡಲು ಬಂದಿತ್ತು, ನಾವೂ ಬಂದಿದ್ದೆವು. ಶಿರಾ ದಾಟಿ ಬುಕ್ಕಾಪಟ್ಟಣಕ್ಕೆ ಹೋಗುವುದು ನನ್ನ ಪಟ್ಟಿಯಲ್ಲಿತ್ತು. 2019ರಲ್ಲಿ ಚಿಂಕಾರ ಎಂಬ ಸಣ್ಣ ಹುಲ್ಲೆಗಾಗಿ ಘೋಷಿಸಿದ ವನ್ಯಧಾಮ. ಚಿಂಕಾರ, ಕೃಷ್ಣಮೃಗ, ಕೊಂಡುಕುರಿ ಮೂರೂ ಇರುವ ಕಾಡು. ಚಿಂಕಾರ ಇನ್ನೊಂದು ಥರದ ಪ್ರಾಣಿ: ತಿನ್ನುವ ಸೊಪ್ಪಿನಲ್ಲಿರುವ ತೇವ, ಇಬ್ಬನಿ ಇಷ್ಟರಲ್ಲೇ ದಿನಗಟ್ಟಲೆ ಕಳೆಯಬಲ್ಲದು. ಕಟ್ಟೆಯ ಬಳಿ ಕಾದು ಕೂರುವ ನಮ್ಮ ಉಪಾಯ ಅಲ್ಲಿ ನಡೆಯುವುದಿಲ್ಲ, ಅದಕ್ಕೆ ಬೇರೆಯೇ ತಯಾರಿ ಬೇಕು, ಅಲ್ಲಿಗೆ ಬೇರೆ ಅನುಮತಿಯೂ ಬೇಕು. ಮೀನು ಊಟ ಮುಗಿಸಿದ ಗೆಳೆಯ, ಮಾಡದ ಮಾವ, ಇಬ್ಬರೂ ಗಾಡಿಯನ್ನು ದಾವಣಗೆರೆ ಕಡೆಗೇ ತಿರುಗಿಸಬೇಕೆಂದು ಒಂದೇ ಸ್ವರದಲ್ಲಿ ಹೇಳಿದರು.

ಹೆದ್ದಾರಿಯಲ್ಲಿ ಮುಂದಿನ ಸಲದ ಚರ್ಚೆ ಎದ್ದಿತು. ಹುಡುಗ ದರೋಜಿ ಎಂದ. 1994ರಲ್ಲಿ ಆದ ಕರಡಿಧಾಮ, ಹಂಪಿಯ ಮಗ್ಗುಲಲ್ಲೇ. ಬಂಡೆಗೆ ಬೆಲ್ಲದ ಪಾಕ ಸವರಿಟ್ಟಿರುತ್ತಾರೆ, ಕರಡಿಗಳು ನೆಕ್ಕಲು ಇಳಿದು ಬರುತ್ತವೆ, ನಾವು ಗೋಪುರದ ಮೇಲೆ ಕೂತು ನೋಡುವುದು. ಬೆಲ್ಲ ಹಚ್ಚಿ ಕರೆಸಿಕೊಳ್ಳುವುದು ನೋಡುವುದೇ ಅಲ್ಲ ಎಂದು ನಾನು ವಾದಕ್ಕಿಳಿದೆ. ಮಾವ ಹಿಂದಿನ ಸೀಟಿನಿಂದ ಕಣ್ಣು ತೆರೆಯದೆ ಕೇಳಿದರು:

"ಬೆಳಿಗ್ಗೆ ಎಷ್ಟಕ್ಕೆ ಏಳ್ಬೇಕು ಅಲ್ಲಿ?"

"ಏಳೋದೇ ಬ್ಯಾಡ ಅಜ್ಜ, ಕರಡಿ ಬರೋದು ಮಧ್ಯಾಹ್ನದ ಮೇಲೆ."

"ಗೋಪುರ ಎಷ್ಟು ಎತ್ತರ?"

"ಕರಡಿ ಹತ್ತಲ್ಲ."

"ಹಂಗಾದ್ರೆ ನನ್ನ ಹೆಸರು ಬರ್ಕೋ."

ಬರೆದುಕೊಂಡಿದ್ದೇನೆ. ಗೆಳೆಯ ಮಾತ್ರ ಬೊಲೆರೊದ ಮುಂದಿನ ಟೈರು ಬದಲಾಯಿಸಲು ನಾವೂ ಪಾಲು ಹಾಕುವ ತನಕ ಹೂಂ ಎನ್ನುವುದಿಲ್ಲವಂತೆ.